ಮೂರು ಟ್ಯಾಂಕು, ಸಾವಿರದೈನೂರು ಜಿಲೇಬಿ ಮರಿ

ಕುಣಿಗಲ್ ಹತ್ತಿರ ನನ್ನ ಬಾಮೈದನ ತೋಟದಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿ ಹೊಂಡ ಇದೆ. ಹೋದ ವರ್ಷ ಅವನು ಒಂದೊಂದು ಗ್ರಾಂ ತೂಗುವ ತಿಲಾಪಿಯಾ ಮರಿಗಳನ್ನು ತಂದು ನೇರವಾಗಿ ಹೊಂಡಕ್ಕೇ ಬಿಟ್ಟ. ಮಿಂಚುಳ್ಳಿ, ನೀರುಕಾಗೆ, ನೀರುಹಾವು, ಕಪ್ಪೆ ಎಲ್ಲವೂ ಸರದಿ ಹಿಡಿದು ತಿಂದವು. ಆರು ತಿಂಗಳ ಮೇಲೆ ಬಲೆ ಎಳೆದಾಗ ಬಿಟ್ಟದ್ದರಲ್ಲಿ ಕಾಲು ಭಾಗವೂ ಸಿಗಲಿಲ್ಲ. ಈ ಸಲ ಸಂಕ್ರಾಂತಿಗೆ ಮನೆಗೆ ಬಂದವನು, "ಭಾವ, ಮರಿ ಹತ್ತು ಗ್ರಾಂ ಆಗೋವರೆಗೆ ನೀವು ಟ್ಯಾಂಕಲ್ಲಿ ಸಾಕಿಕೊಡಿ. ಆಮೇಲಿಂದು ನಾನು ನೋಡ್ಕೋತೀನಿ" ಅಂದ.

ನನ್ನದು ಪೀಣ್ಯದಲ್ಲಿ ಲೇತ್ ಕೆಲಸ, ಮನೆ ಹೆಸರಘಟ್ಟ ರಸ್ತೆಯಲ್ಲಿ. ಮನೆ ಹಿಂದೆ ಇಪ್ಪತ್ತು ಮೂವತ್ತರ ಶೀಟಿನ ಶೆಡ್ಡು ಖಾಲಿ ಇತ್ತು. ನೀರಲ್ಲೇ ಬ್ಯಾಕ್ಟೀರಿಯಾ ಬೆಳೆಸುವ ಬಯೋಫ್ಲಾಕ್ ಮಾಡು ಅಂದವರು ಕೆಲವರು, ನೀರು ಸೋಸಿ ಮತ್ತೆ ಬಳಸುವ ಆರ್‌ಎಎಸ್ ಮಾಡು ಅಂದವರು ಕೆಲವರು, ದಿನಾ ನೀರು ಬದಲಾಯಿಸಿದರೆ ಸಾಕು ಅಂದವರು ಇನ್ನೂ ಕೆಲವರು. ಯಾರನ್ನು ಕೇಳಿದರೂ ದೊಡ್ಡ ಮೀನಿನ ಲೆಕ್ಕವನ್ನೇ ಹೇಳುತ್ತಿದ್ದರು. ನನಗೆ ಬೇಕಿದ್ದದ್ದು ಮರಿಯ ಲೆಕ್ಕ. ಅದಕ್ಕೆ ಮೂರನ್ನೂ ಪಕ್ಕಪಕ್ಕ ಕಟ್ಟಿ ನೋಡುವುದೆಂದು ತೀರ್ಮಾನಿಸಿದೆ.

ಮೊದಲು ಕಾಗದದ ಕೆಲಸ. ನಾವು ಜಿಲೇಬಿ ಮೀನು ಅನ್ನುವ ತಿಲಾಪಿಯಾ ಆಫ್ರಿಕಾ ಮೂಲದ್ದು. ಮೊಸಾಂಬಿಕ್ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದು, ಸಿಕ್ಕಸಿಕ್ಕ ಕೆರೆಯಲ್ಲಿ ಮರಿ ಹಾಕಿ ಊರಿನ ಮೀನುಗಳ ಜಾಗ ಹಿಡಿದಿದೆ. ಅದಕ್ಕೇ ಇದನ್ನು ಸಾಕಲು ಮೀನುಗಾರಿಕೆ ಇಲಾಖೆಯಲ್ಲಿ ನೋಂದಣಿ ಬೇಕು, ಗಂಡು ಮರಿಗಳನ್ನು ಮಾತ್ರ ಬಿಡಬೇಕು, ಮೀನು ಹೊರಗೆ ತಪ್ಪಿಸಿಕೊಳ್ಳದ ಹಾಗೆ ಜಾಲರಿ ಕಟ್ಟಿರಬೇಕು. ಬಾಮೈದನ ಹೊಂಡಕ್ಕೆ ಕೋಡಿ ಇಲ್ಲ, ಹಳ್ಳದ ಸಂಪರ್ಕವೂ ಇಲ್ಲ. ಅಷ್ಟು ಖಾತ್ರಿಯಾದ ಮೇಲೇ ಕೈ ಹಾಕಿದೆ. ಮರಿ ತರಿಸಿದ್ದು ಅನುಮತಿ ಇರುವ ಹ್ಯಾಚರಿಯಿಂದ, ಗಿಫ್ಟ್ ತಳಿ. 1988ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ನೈಲ್ ತಿಲಾಪಿಯಾವನ್ನು ಆರಿಸಿ ಆರಿಸಿ ಸುಧಾರಿಸಲು ಶುರು ಮಾಡಿದ ತಳಿ ಇದು. ಹಾರ್ಮೋನ್ ಬೆರೆಸಿದ ಫೀಡು ಕೊಟ್ಟು ಗಂಡು ಮಾಡುವ ಮೊದಲ ಮೂರು ವಾರದ ಕೆಲಸ ಹ್ಯಾಚರಿಯಲ್ಲೇ ಮುಗಿದಿರುತ್ತದೆ. ನಮ್ಮ ಕೈಗೆ ಬರುವುದು ಅದಾದ ಮೇಲಿನ ಮರಿ.

ಟೆರೇಸ್ ಮೇಲೆ ಇಡೋಣ, ಬಿಸಿಲು ಸಿಗುತ್ತೆ ಅಂದಳು ಮಗಳು. ಬೇಡ ಅಂದೆ. ಒಂದು ಮೀಟರ್ ಎತ್ತರ ನೀರು ನಿಂತರೆ ಒಂದು ಚದರ ಮೀಟರಿನ ಮೇಲೆ ಒಂದು ಟನ್ ಭಾರ. ಜನ ಓಡಾಡುವ ಸಾಮಾನ್ಯ ಮನೆಯ ತಾರಸಿಯನ್ನು ಚದರ ಮೀಟರಿಗೆ ನೂರೈವತ್ತು ಕಿಲೋ ಲೆಕ್ಕದಲ್ಲಿ ಕಟ್ಟಿರುತ್ತಾರೆ. ಬೆಂಗಳೂರಲ್ಲಿ ತಾರಸಿ ಮೇಲೆ ಮೀನು ಸಾಕುತ್ತೇನೆ ಅನ್ನುವ ಎಲ್ಲರಿಗೂ ಈ ಒಂದು ಲೆಕ್ಕ ಹೇಳುತ್ತಲೇ ಇರುತ್ತೇನೆ.

ಸಾವಿರ ಲೀಟರಿನ ಮೂರು ಕಪ್ಪು ಟ್ಯಾಂಕುಗಳ ತಲೆಯನ್ನು ಜಿಗ್‌ಸಾದಲ್ಲಿ ಕತ್ತರಿಸಿದೆ. ಅಂಚನ್ನು ಅರದಿಂದ ಉಜ್ಜಿ, ಸೀಳಿದ ಹೋಸ್ ಪೈಪನ್ನು ಸುತ್ತಲೂ ತೊಡಿಸಿದೆ, ಇಲ್ಲದಿದ್ದರೆ ಕೈ ಕೊಯ್ಯುತ್ತದೆ. ಒಂದೊಂದರಲ್ಲೂ ಏಳುನೂರು ಲೀಟರ್ ನೀರು. ಕಪ್ಪು ಬಣ್ಣದ ತೊಂದರೆ ಆಮೇಲೆ ತಿಳಿಯಿತು: ಮರಿ ಕಾಣುವುದೇ ಇಲ್ಲ. ಈಗ ಟ್ಯಾಂಕಿನ ತಳದಲ್ಲಿ ಬಿಳಿ ಪಿವಿಸಿ ತಟ್ಟೆಯೊಂದನ್ನು ಕಲ್ಲು ಕಟ್ಟಿ ಇಳಿಸಿದ್ದೇನೆ. ಮರಿ ಅದರ ಮೇಲೆ ಹಾಯುವಾಗ ಅದರ ಬಾಲ, ಕಿವಿರು, ಹೊಟ್ಟೆ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ.

ನಡುವಿನ ಡ್ರೈನ್ ಪೈಪಿಗೆ ಜಾಲರಿ ಮಾಡುವುದು ಅರ್ಧ ದಿನ ತಿಂದಿತು. ಅಂಗಡಿಯಲ್ಲಿ ಸಿಗುವ ಜಾಲರಿಯ ಕಿಂಡಿಯಲ್ಲಿ ಒಂದು ಗ್ರಾಂ ಮರಿ ಬಾಲ ಸಿಕ್ಕಿಸಿಕೊಂಡು ಸಾಯುತ್ತದೆ. ಎರಡೂವರೆ ಇಂಚಿನ ಪೈಪಿನ ತುಂಡನ್ನು ವೈಸಿನಲ್ಲಿ ಹಿಡಿದು, ಹ್ಯಾಕ್ಸಾ ಬ್ಲೇಡಿನಿಂದ ಅಡ್ಡಡ್ಡ ಗೀರು ಹಾಕುತ್ತ ಹೋದೆ. ಒಂದು ಬ್ಲೇಡಿನ ದಪ್ಪಕ್ಕೆ ಗೀರು ಒಂದು ಮಿಲಿಮೀಟರ್ ಬರುತ್ತದೆ. ಮೂರು ಸಾಲು, ಸಾಲಿಗೆ ನಲವತ್ತು. ಗೀರಿನ ಒಳಗಿನ ಸಿಬಿರನ್ನು ಮರಳು ಕಾಗದ ಸುತ್ತಿದ ಕಡ್ಡಿಯಿಂದ ತೆಗೆದೆ. ಗೀರು ಹೆಚ್ಚಾದಷ್ಟೂ ಒಂದೊಂದರ ಎಳೆತ ಕಡಿಮೆ, ಮರಿ ಅಂಟಿಕೊಳ್ಳುವುದಿಲ್ಲ. ಕೊನೆವರೆಗೂ ಒಂದು ಮರಿಯೂ ಅಲ್ಲಿ ಸಿಕ್ಕಿಬೀಳಲಿಲ್ಲ.

ಒಂದನೇ ಟ್ಯಾಂಕು ನೀರು ಬದಲಿಸುವುದು. ಅದಕ್ಕೆ ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್, ಡ್ರೈನ್ ಬಿಟ್ಟರೆ ಬೇರೇನಿಲ್ಲ.

ಎರಡನೆಯದು ಆರ್‌ಎಎಸ್, ಅಂದರೆ ಅದೇ ನೀರನ್ನು ಸೋಸಿ ಮತ್ತೆ ಬಳಸುವುದು. ಟ್ಯಾಂಕಿನ ತಳದಿಂದ ನೀರು ಮೊದಲ ಡ್ರಮ್ಮಿಗೆ ಹೋಗಿ ಅಲ್ಲಿ ಕಸ ಕೂರುತ್ತದೆ. ಅಲ್ಲಿಂದ ಎರಡನೇ ಡ್ರಮ್ಮು. ಅದರಲ್ಲಿ ಐವತ್ತು ಲೀಟರ್ ಕೆ1 ಮೀಡಿಯಾ, ಅಂದರೆ ಗಾಲಿಯಂಥ ಸಣ್ಣ ಪ್ಲಾಸ್ಟಿಕ್ ತುಂಡುಗಳು, ಗಾಳಿಗೆ ಕುದಿಯುವ ಅನ್ನದ ಹಾಗೆ ತಿರುಗುತ್ತಿರುತ್ತವೆ. ಅದರ ಮೇಲೆ ಬೆಳೆಯುವ ಬ್ಯಾಕ್ಟೀರಿಯಾ, ಮೀನು ಹೊರಹಾಕುವ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಮಾಡಿ, ಆಮೇಲೆ ನೈಟ್ರೇಟ್ ಮಾಡುತ್ತದೆ. ಎಸ್‌ಪಿ ರೋಡಿನಲ್ಲಿ ತಂದ ಸಣ್ಣ ಪಂಪು ನೀರನ್ನು ಮತ್ತೆ ಟ್ಯಾಂಕಿಗೆ ಒಂದೂವರೆ ಅಡಿ ಎತ್ತರದಿಂದ ಸುರಿಸುತ್ತದೆ. ಆ ಎತ್ತರವನ್ನು ನಾನು ಜಾಗ ಹೊಂದಿಸಲು ಇಟ್ಟದ್ದು. ಅದೇ ಮುಂದೆ ಮರಿಗಳ ಜೀವ ಉಳಿಸಿತು.

ಮೂರನೆಯದು ಬಯೋಫ್ಲಾಕ್. ಇಲ್ಲಿ ಫಿಲ್ಟರೇ ಇಲ್ಲ. ಬೆಲ್ಲ ಹಾಕಿ, ಗಾಳಿ ಜೋರಾಗಿ ಬಿಟ್ಟರೆ ಬೇರೆ ಜಾತಿಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ತಿಂದು ಕಂದು ಬಣ್ಣದ ಗಸಿಯಾಗಿ ನೀರಲ್ಲಿ ತೇಲುತ್ತದೆ. ತಿಲಾಪಿಯಾ ಅದನ್ನೂ ತಿನ್ನುತ್ತದೆ. ಇಸ್ರೇಲಿನ ಯೋರಾಂ ಅವ್ನಿಮೆಲೆಕ್ 1999ರಲ್ಲಿ ಬರೆದ ಲೆಕ್ಕವನ್ನೇ ಇಂದಿಗೂ ಎಲ್ಲರೂ ಬಳಸುವುದು: ಒಂದು ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು ಇಪ್ಪತ್ತು ಗ್ರಾಂ ಸಕ್ಕರೆಯಂಥ ಪದಾರ್ಥ. ನಾನು ಮಂಡ್ಯದ ಕಪ್ಪು ಬೆಲ್ಲವನ್ನು ಬಿಸಿನೀರಲ್ಲಿ ಕರಗಿಸಿ, ಸೋಸಿ ಹಾಕುತ್ತಿದ್ದೆ.

ಫೆಬ್ರವರಿ ಪೂರ್ತಿ ನೀರು ಹದ ಮಾಡಿದ್ದೇ ಆಯಿತು. ಅವಸರ ಮಾಡುವವರು ಎಡವುವುದು ಇಲ್ಲೇ. ಬ್ಯಾಕ್ಟೀರಿಯಾ ಬೆಳೆಯಲು ಆರ್‌ಎಎಸ್ ಡ್ರಮ್ಮಿಗೆ ಮೀನಿಲ್ಲದೆಯೇ ಅಮೋನಿಯಾ ಉಣಿಸಬೇಕಲ್ಲ, ಅದಕ್ಕೆ ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ತಂದೆ. ಅದೇ ಅಮೋನಿಯಂ ಕ್ಲೋರೈಡ್. ದಿನಕ್ಕೆ ಏಳು ಗ್ರಾಂ ಹಾಕಿದರೆ, ಟ್ಯಾಂಕು ಡ್ರಮ್ಮು ಎಲ್ಲ ಸೇರಿದ ಒಂಬೈನೂರು ಲೀಟರ್ ನೀರಲ್ಲಿ, ಲೀಟರಿಗೆ ಎರಡು ಮಿಲಿಗ್ರಾಂ ಅಮೋನಿಯಾ ಸಾರಜನಕ ಬರುತ್ತದೆ. ಮೂರನೇ ವಾರದಲ್ಲಿ ಅಮೋನಿಯಾ ಇಳಿದು ನೈಟ್ರೈಟ್ ಏರಿತು, ಟೆಸ್ಟ್ ಕಿಟ್ಟಿನ ನೀರು ಗಾಢ ನೇರಳೆ. ಐದನೇ ವಾರಕ್ಕೆ ಎರಡೂ ಸೊನ್ನೆ. ಫ್ಲಾಕ್ ಟ್ಯಾಂಕು ಮೂರು ವಾರಕ್ಕೇ ತಯಾರು: ಒಂದು ಲೀಟರ್ ನೀರನ್ನು ಇಮ್ಹಾಫ್ ಕೋನಿನಲ್ಲಿ, ಅಂದರೆ ಗಸಿ ಅಳೆಯುವ ಗೆರೆ ಹಾಕಿದ ಶಂಕುವಿನಲ್ಲಿ, ಅರ್ಧ ಗಂಟೆ ನಿಲ್ಲಿಸಿದರೆ ತುದಿಯಲ್ಲಿ ಹತ್ತು ಮಿಲಿಲೀಟರ್ ಗಸಿ.

ಮಾರ್ಚ್ 15ರ ಬೆಳಗ್ಗೆ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮರಿ ಬಂದವು. ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು, ಆಮೇಲೆ ಲೋಟ ಲೋಟವಾಗಿ ಟ್ಯಾಂಕಿನ ನೀರು ಬೆರೆಸಿ ಬಿಟ್ಟೆ. ಟ್ಯಾಂಕಿಗೆ ಐನೂರು. ಐವತ್ತು ಮರಿಗಳನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದಾಗ ಸರಾಸರಿ 1.1 ಗ್ರಾಂ.

ಮೊದಲ ಎರಡು ವಾರ ಒಂದನೇ ಟ್ಯಾಂಕೇ ಚೆನ್ನಾಗಿತ್ತು ಅಂದರೆ ಯಾರೂ ನಂಬುವುದಿಲ್ಲ. ನೀರು ತಿಳಿ, ಫೀಡು ಮಿಕ್ಕಿದ್ದು ಕಣ್ಣಿಗೆ ಕಾಣುತ್ತದೆ, ಸೊರಗಿದ ಮರಿ ಎದ್ದು ಕಾಣುತ್ತದೆ. ಹನ್ನೊಂದನೇ ದಿನ ಬಿಳಿ ತಟ್ಟೆಯ ಮೇಲೆ ಒಂದು ದಪ್ಪ ಮರಿ ಕಂಡಿತು, ಅದರ ಬಾಯಿಂದ ಇನ್ನೊಂದು ಮರಿಯ ಬಾಲ ಹೊರಗೆ ಅಲ್ಲಾಡುತ್ತಿತ್ತು. ಒಂದೇ ವಯಸ್ಸಿನವಾದರೂ ಗಾತ್ರ ಹೆಚ್ಚುಕಮ್ಮಿ ಆದರೆ ತಿಲಾಪಿಯಾ ತನ್ನವರನ್ನೇ ತಿನ್ನುತ್ತದೆ. ಅವತ್ತೇ ತರಕಾರಿ ಬುಟ್ಟಿಯಲ್ಲಿ ಜಾಲಾಡಿ ಮೂರೂ ಟ್ಯಾಂಕಿನ ದೊಡ್ಡ ಮರಿಗಳನ್ನು ಬೇರೆ ಮಾಡಿ ಹಾಪಾದಲ್ಲಿ, ಅಂದರೆ ನೀರೊಳಗೆ ಕಟ್ಟುವ ಬಲೆಯ ಚೀಲದಲ್ಲಿ, ಅಲ್ಲಲ್ಲೇ ತೂಗುಬಿಟ್ಟೆ. ಫ್ಲಾಕ್ ಟ್ಯಾಂಕಿನಲ್ಲಿ ಇದೇ ನಡೆದಿದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ, ಕಾಫಿ ಬಣ್ಣದ ನೀರಲ್ಲಿ ಕೈ ಮುಳುಗಿಸಿದರೆ ಬೆರಳೇ ಕಾಣದು.

ಒಂದನೇ ಟ್ಯಾಂಕಿನ ಕಷ್ಟ ಶುರುವಾದದ್ದು ನಾಲ್ಕನೇ ವಾರದಲ್ಲಿ. ಫೀಡಿನ ತೂಕವನ್ನು ಅದರ ಪ್ರೋಟೀನ್ ಭಾಗದಿಂದ ಗುಣಿಸಿ, ಮತ್ತೆ 0.092ರಿಂದ ಗುಣಿಸಿದರೆ ಅವತ್ತು ಹುಟ್ಟುವ ಅಮೋನಿಯಾ ಸಾರಜನಕ ಸಿಗುತ್ತದೆ. 160 ಗ್ರಾಂ ಫೀಡು, ಶೇಕಡ 40 ಪ್ರೋಟೀನು, ಹತ್ತಿರ ಹತ್ತಿರ ಆರು ಗ್ರಾಂ. ಏಳುನೂರು ಲೀಟರಿಗೆ ಹಂಚಿದರೆ ಲೀಟರಿಗೆ ಎಂಟು ಮಿಲಿಗ್ರಾಂ, ಒಂದೇ ದಿನದಲ್ಲಿ. ಬೆಳಗ್ಗೆ ಅರ್ಧ, ಸಂಜೆ ಅರ್ಧ ನೀರು ತೆಗೆದರೂ ಕಿಟ್ಟು ಎರಡರಿಂದ ನಾಲ್ಕು ತೋರಿಸುತ್ತಿತ್ತು. ತೆಗೆದ ನೀರು ಬಾಳೆಗೆ, ತೆಂಗಿಗೆ ಹೋಯಿತು, ದಂಡವಾಗಲಿಲ್ಲ. ಆದರೂ 2024ರ ಬೇಸಿಗೆಯಲ್ಲಿ ಕುಡಿಯುವ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಸಾರಿದ ಊರು ಇದು. ನಮ್ಮ ಬೀದಿಯಲ್ಲಿ ಅವತ್ತು ಜನ ಟ್ಯಾಂಕರಿಗಾಗಿ ಕೊಡ ಹಿಡಿದು ನಿಂತಿದ್ದರು. ದಿನಕ್ಕೆ ಏಳುನೂರು ಲೀಟರ್ ಬೋರ್ ನೀರನ್ನು ಐದು ಕಿಲೋ ಮರಿಗಾಗಿ ಎತ್ತುವುದು ನನ್ನ ಮನಸ್ಸಿಗೆ ಒಪ್ಪಲಿಲ್ಲ. ಮೂವತ್ತನೇ ದಿನ ಅದರಲ್ಲಿ ಅರ್ಧ ಮರಿಗಳನ್ನು ಬಾಮೈದ ಬಂದು ಕೊಂಡೊಯ್ದು ಹೊಂಡದಲ್ಲಿ ಹಾಪಾ ಕಟ್ಟಿ ಬಿಟ್ಟ.

ಅಮೋನಿಯಾ ಓದುವಾಗ ಇನ್ನೊಂದು ಮಾತು. ಕಿಟ್ಟು ತೋರಿಸುವುದು ಒಟ್ಟು ಅಮೋನಿಯಾ. ಮೀನನ್ನು ಕೊಲ್ಲುವುದು ಅದರೊಳಗಿನ ಒಂದು ಪಾಲು ಮಾತ್ರ, ಆ ಪಾಲನ್ನು ಮುಖ್ಯವಾಗಿ ನಿರ್ಧರಿಸುವುದು ಪಿಎಚ್, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ. 28 ಡಿಗ್ರಿ ನೀರಲ್ಲಿ ಪಿಎಚ್ 7 ಇದ್ದರೆ ಆ ವಿಷದ ಪಾಲು ಶೇಕಡ ಒಂದಕ್ಕೂ ಕಡಿಮೆ, ಪಿಎಚ್ 8 ಆದರೆ ಆರರ ಮೇಲೆ. ನಮ್ಮ ಬೋರ್ ನೀರಿನ ಪಿಎಚ್ 8.2. ಹಾಗಾಗಿ ಒಂದನೇ ಟ್ಯಾಂಕಿನ "ಎರಡು" ಬೇರೆ, ಆರ್‌ಎಎಸ್‌ನ "ಎರಡು" ಬೇರೆ. ಇದು ತಿಳಿಯದೆ ಎರಡು ಪದ್ಧತಿಗಳ ಅಂಕಿಯನ್ನು ಪಕ್ಕದಲ್ಲಿಟ್ಟು ಹೋಲಿಸಿದರೆ ತಪ್ಪು ದಾರಿ ಹಿಡಿಯುತ್ತೇವೆ.

ಆರ್‌ಎಎಸ್ ಕೈಕೊಟ್ಟದ್ದು ಏಪ್ರಿಲ್ 16ಕ್ಕೆ. ಮೂರು ದಿನದಿಂದ ಮರಿ ಸರಿಯಾಗಿ ತಿನ್ನುತ್ತಿರಲಿಲ್ಲ. ಅಮೋನಿಯಾ ಸೊನ್ನೆಯಿಂದ ಮೂರಕ್ಕೆ ಏರಿತ್ತು. ಮೀಡಿಯಾ ಕೆಟ್ಟಿತೇನೋ ಎಂದು ಒಂದು ತುಂಡು ತೆಗೆದು ನೋಡಿದೆ, ಒಳಗೆ ಕಂದು ಪದರ ಸರಿಯಾಗಿಯೇ ಇತ್ತು, ವಾಸನೆ ಒದ್ದೆ ಮಣ್ಣಿನದು. ಕೊನೆಗೆ ಪಿಎಚ್ ನೋಡಿದೆ: 6.1. ಕಾರಣ ಆಗ ಹೊಳೆಯಿತು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡಲು ಬ್ಯಾಕ್ಟೀರಿಯಾ ಏಳು ಗ್ರಾಂಗಿಂತ ಹೆಚ್ಚು ಕ್ಷಾರವನ್ನು ಬಳಸಿಬಿಡುತ್ತದೆ. ನಮ್ಮ ನೀರಲ್ಲಿ ಎಷ್ಟೇ ಕ್ಷಾರ ಇದ್ದರೂ, ಹೊಸ ನೀರು ಸೇರದಿದ್ದರೆ ಆ ಕ್ಷಾರ ಒಂದು ವಾರಕ್ಕೆ ಮುಗಿದುಹೋಗುತ್ತದೆ. ಪಿಎಚ್ ಬಿದ್ದ ಮೇಲೆ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಅಡುಗೆ ಸೋಡಾ ನೂರು ಗ್ರಾಂ ಕರಗಿಸಿ ಸ್ವಲ್ಪ ಸ್ವಲ್ಪವಾಗಿ ಒಂದೂವರೆ ದಿನದಲ್ಲಿ ಹಾಕಿದೆ. ಒಮ್ಮೆಲೇ ಹಾಕಿದ್ದರೆ ಪಿಎಚ್ ನೆಗೆದು ಇದ್ದ ಅಮೋನಿಯಾವೇ ವಿಷವಾಗುತ್ತಿತ್ತು. ಮೂರನೇ ದಿನ ಪಿಎಚ್ 7.2, ಅಮೋನಿಯಾ ಅರ್ಧ. ಅಂದಿನಿಂದ ಪ್ರತಿ ನೂರು ಗ್ರಾಂ ಫೀಡಿಗೆ ನಲವತ್ತು ಗ್ರಾಂ ಸೋಡಾ ನಿತ್ಯದ ಪಾಠವಾಯಿತು. ಡಬ್ಬಿಗಳನ್ನು ಅಕ್ಕಪಕ್ಕ ಇಟ್ಟಿದ್ದೇನೆ.

ಅಷ್ಟು ಹೊತ್ತಿಗೆ ಫ್ಲಾಕ್ ಟ್ಯಾಂಕು ಎಲ್ಲರನ್ನೂ ಹಿಂದೆ ಹಾಕಿತ್ತು. ನಲವತ್ತನೇ ದಿನ ಅಲ್ಲಿನ ಮರಿಯ ಸರಾಸರಿ 9.8 ಗ್ರಾಂ, ಆರ್‌ಎಎಸ್‌ನಲ್ಲಿ 8.4. ಫೀಡೂ ಐದಕ್ಕೆ ನಾಲ್ಕು ಪಾಲು ಸಾಕಾಗಿತ್ತು, ಉಳಿದದ್ದನ್ನು ಗಸಿಯೇ ತುಂಬಿಕೊಡುತ್ತಿತ್ತು. ನೀರು ಬದಲಿಸಿದ್ದು ಬರೀ ಎರಡು ಸಲ, ಗಸಿ ನಲವತ್ತು ಮಿಲಿಲೀಟರ್ ದಾಟಿದಾಗ. ಬಾಮೈದನಿಗೆ ಫೋನ್ ಮಾಡಿ, "ಮುಂದಿನ ಸಲ ಮೂರೂ ಫ್ಲಾಕೇ ಮಾಡೋಣ ಕಣಪ್ಪ" ಅಂದಿದ್ದೆ.

ಏಪ್ರಿಲ್ 28. ಭರಣಿ ಮಳೆ ಹುಟ್ಟಿದ ಮಾರನೇ ದಿನ. ರಾತ್ರಿ ಒಂದಕ್ಕೆ ಗಾಳಿ ಸಮೇತ ಬಡಿಯಿತು. ಮುಖ್ಯರಸ್ತೆಯಲ್ಲಿ ಮರ ಬಿದ್ದು ಕರೆಂಟು ಹೋಯಿತು. ಏರ್ ಪಂಪು ಇನ್ವರ್ಟರ್ ಮೇಲಿದೆ, 150 ಎಎಚ್ ಬ್ಯಾಟರಿ ಬೆಳಗಿನವರೆಗೂ ಬರುತ್ತದೆ ಎಂದು ಮಲಗಿದೆ. ಎರಡೂ ಮುಕ್ಕಾಲಿಗೆ ಎಚ್ಚರವಾಯಿತು. ಮಳೆ ನಿಂತಿತ್ತು. ಶೆಡ್ಡಿನಿಂದ ಸದಾ ಬರುತ್ತಿದ್ದ ಗುಂಯ್ ಸದ್ದು ಇರಲಿಲ್ಲ. ಟಾರ್ಚ್ ಹಿಡಿದು ಓಡಿದೆ. ಶೀಟಿನ ಮೊಳೆಯ ಪಕ್ಕದಲ್ಲಿ ಸೋರಿದ ನೀರು ಎಕ್ಸ್‌ಟೆನ್ಷನ್ ಬೋರ್ಡಿನೊಳಗೆ ಇಳಿದು ಆ ಸಾಲಿನ ಎಂಸಿಬಿ ಬಿದ್ದಿತ್ತು. ಇನ್ವರ್ಟರಿನಲ್ಲಿ ಕರೆಂಟ್ ಇತ್ತು, ಪಂಪಿಗೆ ಇರಲಿಲ್ಲ.

ಫ್ಲಾಕ್ ಟ್ಯಾಂಕಿನ ಮೇಲೆ ಟಾರ್ಚ್ ಬಿಟ್ಟೆ. ಮೇಲ್ಮೈ ತುಂಬ ಬಾಯಿಗಳು. ನೂರಾರು ಸಣ್ಣ ಬಾಯಿಗಳು ನೀರಿನ ಅಂಚಿಗೆ ಒತ್ತಿಕೊಂಡು ತೆರೆದು ಮುಚ್ಚುತ್ತಿದ್ದವು, ಅದರ ಸದ್ದು ಅಕ್ಕಿ ನೆನೆಯುವಾಗ ಬರುವ ಚಿಟಿಚಿಟಿಯ ಹಾಗಿತ್ತು. ಉಳಿದವು ಬಿಳಿ ಹೊಟ್ಟೆ ಮೇಲೆ ಮಾಡಿ ಗೋಡೆಯುದ್ದಕ್ಕೂ ತೇಲುತ್ತಿದ್ದವು. ಮಗಳನ್ನು ಎಬ್ಬಿಸಿದೆ. ಅವಳು ಬಕೆಟ್ಟಿನಲ್ಲಿ ನೀರು ಎತ್ತಿ ಎತ್ತಿ ಎತ್ತರದಿಂದ ಸುರಿದಳು, ನಾನು ಬೇರೆ ವೈರು ಎಳೆದು ಪಂಪು ಶುರು ಮಾಡಿದೆ. ಬೆಳಗ್ಗೆ ಎಣಿಸಿದಾಗ ಸತ್ತದ್ದು 312. ಉಳಿದದ್ದು 159. ಮಗಳು ಎಣಿಸುವುದನ್ನು ಅರ್ಧಕ್ಕೆ ಬಿಟ್ಟು ಒಳಗೆ ಹೋದಳು.

ಪಕ್ಕದ ಎರಡು ಟ್ಯಾಂಕಿಗೂ ಅದೇ ಪಂಪಿನ ಗಾಳಿ ನಿಂತಿತ್ತು. ಒಂದನೆಯದರಲ್ಲಿ ಮರಿಗಳು ಮೇಲೆ ಬಂದಿದ್ದವು, ಒಂದೂ ಸತ್ತಿರಲಿಲ್ಲ. ಅಲ್ಲಿ ಮರಿ ಅರ್ಧ ಇದ್ದವು, ಅದೂ ಲೆಕ್ಕಕ್ಕೆ ಬರಬೇಕು. ಆರ್‌ಎಎಸ್‌ನಲ್ಲಿ ಏನೂ ಆಗದ ಹಾಗೆ ಈಜುತ್ತಿದ್ದವು. ನೀರಿನ ಪಂಪು ಇನ್ವರ್ಟರಿನ ಬೇರೆ ಬೋರ್ಡಿನಲ್ಲಿತ್ತು, ಒಂದೂವರೆ ಅಡಿಯಿಂದ ಬೀಳುವ ನೀರು ತಾನೇ ಗಾಳಿ ಹೊತ್ತು ತರುತ್ತಿತ್ತು. ಫ್ಲಾಕ್ ಟ್ಯಾಂಕಿನಲ್ಲಿ ಉಸಿರಾಡುವುದು ಮೀನು ಮಾತ್ರ ಅಲ್ಲ. ಆ ಗಸಿ ಪೂರ್ತಿ ಜೀವ, ಅದೂ ಆಮ್ಲಜನಕ ಎಳೆಯುತ್ತದೆ, ಒಮ್ಮೊಮ್ಮೆ ಮೀನಿಗಿಂತ ಹೆಚ್ಚು. ಜೊತೆಗೆ ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರಿಗೂ ಮೇಲಿದೆ. 28 ಡಿಗ್ರಿಯಲ್ಲಿ ಮಂಗಳೂರಿನ ನೀರು ಲೀಟರಿಗೆ 7.8 ಮಿಲಿಗ್ರಾಂ ಆಮ್ಲಜನಕ ಹಿಡಿದರೆ ಇಲ್ಲಿನದು 7ರ ಆಸುಪಾಸು. ಕರಾವಳಿಯವರು ಹೇಳುವ ಗಾಳಿಯ ಲೆಕ್ಕಕ್ಕೆ ಇಲ್ಲಿ ಹತ್ತಕ್ಕೆ ಒಂದು ಪಾಲು ಕೂಡಿಸಿಕೊಳ್ಳಬೇಕು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಾಯಿತು. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು ಆಮ್ಲಜನಕ ಎಳೆದುಬಿಟ್ಟರೆ ಕೆರೆಯಾದರೂ ಟ್ಯಾಂಕಾದರೂ ಮೀನಿನ ಪಾಡು ಒಂದೇ.

ಕರೆಂಟ್ ಹೋದರೆ ಕೂಗುವ ಅಲಾರಂ ಇದಕ್ಕೆ ಸಾಲದು, ಅವತ್ತು ಇನ್ವರ್ಟರಿನಲ್ಲಿ ಕರೆಂಟ್ ಇತ್ತು. ಪಂಪಿನ ಡಯಾಫ್ರಂ ಹರಿದರೂ ಕರೆಂಟ್ ಇರುತ್ತದೆ. ಗಾಳಿ ನಿಂತರೆ ಕೂಗುವ ಅಲಾರಂ ಬೇಕು. ಹಳೆಯ ವಾಷಿಂಗ್ ಮಷೀನಿನಿಂದ ನೀರಿನ ಮಟ್ಟ ಅಳೆಯುವ ಪ್ರೆಷರ್ ಸ್ವಿಚ್ ಬಿಚ್ಚಿದೆ. ಅದರ ಮೂತಿಯನ್ನು ಏರ್ ಲೈನಿಗೆ ಟೀ ಜಾಯಿಂಟ್ ಹಾಕಿ ಜೋಡಿಸಿ, ಒತ್ತಡ ಇಲ್ಲದಾಗ ಕೂಡುವ ಎರಡು ಕಾಲುಗಳಿಗೆ ಬ್ಯಾಟರಿಯ ಬಝರ್ ಕಟ್ಟಿದೆ. ಪಂಪಿನ ಪ್ಲಗ್ ಕಿತ್ತೆ. ಬಝರ್ ಕೂಗಲಿಲ್ಲ. ಹತ್ತು ನಿಮಿಷ ಕಾದರೂ ಇಲ್ಲ.

ಕೂತು ಯೋಚಿಸಿದೆ. ಏರ್ ಸ್ಟೋನ್ ಮುಕ್ಕಾಲು ಮೀಟರ್ ಆಳದಲ್ಲಿದೆ. ಪಂಪು ನಿಂತರೂ ಪೈಪಿನೊಳಗಿನ ಗಾಳಿ ಮುಂದಕ್ಕೆ ಹೋಗಲು ಅಷ್ಟು ನೀರನ್ನು ತಳ್ಳಬೇಕು, ಹಿಂದಕ್ಕೆ ಬರಲು ಪಂಪಿನ ವಾಲ್ವ್ ಬಿಡುವುದಿಲ್ಲ. ಒತ್ತಡ ಅಲ್ಲೇ ಸಿಕ್ಕಿಬಿದ್ದಿದೆ. ಲೈನಿನ ಕೊನೆಯ ಎಂಡ್ ಕ್ಯಾಪಿಗೆ ಅರ್ಧ ಮಿಲಿಮೀಟರ್ ಡ್ರಿಲ್ಲಿನಲ್ಲಿ ಒಂದು ತೂತು ಹಾಕಿದೆ. ಕೆನ್ನೆ ಹತ್ತಿರ ಹಿಡಿದರೆ ಮಾತ್ರ ತಿಳಿಯುವಷ್ಟು ಗಾಳಿ ಸದಾ ಹೊರಗೆ ಬರುತ್ತದೆ, ನಷ್ಟ ಏನೂ ಅಲ್ಲ. ಮತ್ತೆ ಪ್ಲಗ್ ಕಿತ್ತೆ. ಹನ್ನೆರಡು ಸೆಕೆಂಡಿಗೆ ಬಝರ್ ಕೂಗಿತು. ಬಝರನ್ನು ಮಲಗುವ ಕೋಣೆಯವರೆಗೆ ವೈರು ಎಳೆದು ತಲೆದಿಂಬಿನ ಮೇಲಿನ ಗೋಡೆಗೆ ಬಡಿದಿದ್ದೇನೆ. ಬೋರ್ಡುಗಳನ್ನು ಶೀಟಿನ ಕೆಳಗಿಂದ ತೆಗೆದು ಗೋಡೆಗೆ, ಡಬ್ಬಿಯೊಳಗೆ ಹಾಕಿದೆ. ಫ್ಲಾಕ್ ಟ್ಯಾಂಕಿಗೆ 12 ವೋಲ್ಟಿನ ಎರಡನೇ ಪಂಪು, ಅದರದ್ದೇ ಬೇರೆ ಬ್ಯಾಟರಿ.

ಹೀಗಾಗಿ ಈ ಸಲದ ಜೋಡಣೆ ಬದಲಾಗಿದೆ. ಮೊದಲ ಮೂರು ವಾರ ಮರಿ ಆರ್‌ಎಎಸ್‌ನಲ್ಲಿ, ಕಣ್ಣೆದುರು ಕಾಣುವ ತಿಳಿ ನೀರಲ್ಲಿ. ಗಾತ್ರ ನೋಡಿ ಬೇರೆ ಮಾಡುವುದು, ಕಾಯಿಲೆ ಹಿಡಿಯುವುದು, ತಿನ್ನಲು ಕಲಿಸುವುದು ಎಲ್ಲ ಅಲ್ಲೇ. ನಾಲ್ಕು ಗ್ರಾಂ ದಾಟಿದ ಮೇಲೆ ಫ್ಲಾಕಿಗೆ, ಅದೂ ಮುನ್ನೂರಕ್ಕಿಂತ ಹೆಚ್ಚಿಲ್ಲ. ಒಂದನೇ ಟ್ಯಾಂಕಿನಲ್ಲಿ ಈಗ ಮೀನಿಲ್ಲ. ಬೋರ್ ನೀರು ತುಂಬಿ ಒಂದು ದಿನ ಗಾಳಿ ಆಡಿಸಿ ಇಟ್ಟಿರುತ್ತೇನೆ, ಉಳಿದ ಎರಡಕ್ಕೆ ಏನಾದರೂ ಆದರೆ ತಕ್ಷಣ ಕೊಡಲು ಹದವಾದ ನೀರು ಬೇಕಲ್ಲ. ಡಿಸೆಂಬರಿನಲ್ಲಿ ಮಾತ್ರ ಮರಿ ತರುವುದಿಲ್ಲ. ಇಲ್ಲಿ ರಾತ್ರಿ ಹದಿನೈದು ಡಿಗ್ರಿಗೆ ಇಳಿದರೆ ಶೆಡ್ಡಿನ ನೀರು ಇಪ್ಪತ್ತರ ಸುತ್ತ ನಿಲ್ಲುತ್ತದೆ, ಮರಿ ತಿನ್ನುವುದು ತೀರಾ ಕಡಿಮೆಯಾಗುತ್ತದೆ.

ಮೇ 9ಕ್ಕೆ ಮೂರೂ ಟ್ಯಾಂಕಿನಿಂದ ಒಟ್ಟು 861 ಮರಿ ಕುಣಿಗಲ್ಲಿಗೆ ಹೋದವು, ಆರ್‌ಎಎಸ್‌ನವು 463. ಹೊಸ ಆರುನೂರು ಮರಿ ಜೂನ್ ಎರಡನೇ ವಾರಕ್ಕೆ ಬರುತ್ತವೆ. ಅಲ್ಲಿವರೆಗೂ ಮೀಡಿಯಾದ ಬ್ಯಾಕ್ಟೀರಿಯಾ ಸಾಯದಂತೆ ದಿನಾ ಏಳು ಗ್ರಾಂ ನವಸಾಗರ ಹಾಕುತ್ತಿದ್ದೇನೆ. ಪ್ರತಿ ಭಾನುವಾರ ರಾತ್ರಿ ಊಟ ಆದ ಮೇಲೆ ಮಗಳು ಶೆಡ್ಡಿಗೆ ಹೋಗಿ ನನಗೆ ಹೇಳದೆ ಪ್ಲಗ್ ಕೀಳುತ್ತಾಳೆ. ಮೊನ್ನೆ ಹದಿಮೂರು ಸೆಕೆಂಡು ಹಿಡಿಯಿತು, ಎಂಡ್ ಕ್ಯಾಪಿನ ತೂತಿನಲ್ಲಿ ಧೂಳು ಕೂತಿತ್ತು, ಸೂಜಿ ಹಾಕಿ ತೆಗೆದೆವು.